ಮಹಾತಾಯಿ ಮತ್ತು ಅಲೆಮಾರಿ

"ನಡಿ ಆಚೆ! ಹೆತ್ತವಳು ಹಗಲೂ ರಾತ್ರಿ ಕಾಯ್ತಾ ಬಿದ್ದಿದ್ರೆ, ಮರಿ ತುಳಿಯೋಕೆ ಬಂತು ಇದೊಂದು!"

ಬೆಳಗ್ಗೆ ಐದೂವರೆಗೇ ಅತ್ತೆಯ ಪೊರಕೆ ಮೇಲೆದ್ದಿತ್ತು. ಮರಿಗಳಿದ್ದ ರಟ್ಟಿನ ಪೆಟ್ಟಿಗೆಯೊಳಗೆ ಆಗಷ್ಟೇ ಕಾಲಿಟ್ಟಿದ್ದ ಕಂದು ಮೊಲ ಛಂಗನೆ ಹಾರಿ ಸೋಫಾದಡಿ ಸೇರಿಕೊಂಡಿತು. ಪೆಟ್ಟಿಗೆಗೆ ಒರಗಿ ಮಲಗಿದ್ದ ಬಿಳಿ ಮೊಲ ಒಂದು ಕಿವಿ ಅಲ್ಲಾಡಿಸಿ ಮತ್ತೆ ಕಣ್ಣು ಮುಚ್ಚಿತು.

ಜೋಡಿಯನ್ನು ಮಾರಿದವನು ಎರಡೂ ಹೆಣ್ಣೇ ಎಂದು ಆಣೆ ಹಾಕಿದ್ದ. ಮೂರು ತಿಂಗಳು ಕಳೆಯುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಆರು ಮರಿಗಳು; ಕಣ್ಣು ಬಿಟ್ಟಿಲ್ಲ, ಮೈಮೇಲೆ ಕೂದಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದ ಮಗನನ್ನು ನೋಡಿ ಅತ್ತೆ ನಕ್ಕರು.

"ಮೂವತ್ತೊಂದು ವರ್ಷ ಹೆರಿಗೆ ವಾರ್ಡಲ್ಲಿ ನರ್ಸ್ ಆಗಿದ್ದೋಳು ಕಣೋ ನಾನು. ತಾಯಿ ಯಾವುದು ಅಂತ ಹೇಳೋಕೆ ಇನ್ನೊಬ್ಬ ಡಾಕ್ಟರ್ ಬೇಕಾ? ಮುಖದಲ್ಲೇ ಗೊತ್ತಾಗುತ್ತೆ."

ಮುಖ ನೋಡಿದರು. ಬಿಳಿಯದು ತಾಯಿ, ಕಂದು ತಂದೆ ಎಂದು ತೀರ್ಪು ಕೊಟ್ಟರು. ಹೆಸರನ್ನೂ ಇಟ್ಟರು: ಮಹಾತಾಯಿ, ಅಲೆಮಾರಿ. ಮಗ ತಲೆಯಾಡಿಸಿದ. ಅಮ್ಮನ ಮಾತಿಗೂ ಹೆಂಡತಿಯ ಮಾತಿಗೂ ಒಂದೇ ಸಮನೆ ತಲೆಯಾಡಿಸುವುದರಲ್ಲಿ ಅವನದು ಎತ್ತಿದ ಕೈ.

ಮಹಾತಾಯಿಯದು ರಾಜೋಪಚಾರ. ಬಾಣಂತಿ ಅಲ್ಲವೇ ಪಾಪ! ಸಿಪ್ಪೆ ಹೆರೆದ ಕ್ಯಾರೆಟ್, ಎಳೆ ಸೊಪ್ಪು, ಮಡಚಿದ ಕಂಬಳಿ. ಅದು ತಿಂದು ಮಲಗುತ್ತಿತ್ತು, ಎದ್ದು ತಿನ್ನುತ್ತಿತ್ತು. ಪೆಟ್ಟಿಗೆಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಅಲೆಮಾರಿಗೆ ಉಳಿದ ದಂಟು. ಅದಾದರೋ ಎಲ್ಲೋ ಮೈ ಉಜ್ಜಿಕೊಂಡು ಎದೆಯ ತುಪ್ಪಳವನ್ನೆಲ್ಲ ಕಳೆದುಕೊಂಡು, ನೋಡುವುದಕ್ಕೇ ಲಕ್ಷಣವಿಲ್ಲದಂತಾಗಿತ್ತು. ದಿನವಿಡೀ ಮನೆಯೆಲ್ಲ ಸುತ್ತುವುದು, ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ಪೆಟ್ಟಿಗೆಗೆ ನುಗ್ಗಿ ಐದು ನಿಮಿಷ ಗಲಾಟೆ ಎಬ್ಬಿಸಿ ಓಡುವುದು.

ಮೊಲದ ವಿಷಯ ಮೊಲದ ಮಟ್ಟಿಗೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಸೊಸೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಐದು ತಿಂಗಳ ಕೂಸನ್ನು ಅತ್ತೆಯ ಕೈಗಿತ್ತು ಕೆಲಸಕ್ಕೆ ಮರಳಿ ಎರಡು ವಾರವಾಗಿತ್ತು. ಮಧ್ಯಾಹ್ನ ಏದುಸಿರು ಬಿಡುತ್ತಾ ಬಂದು ಹಾಲೂಡಿಸಿ ಓಡುತ್ತಿದ್ದಳು. ಸಂಜೆ ಚಪ್ಪಲಿ ಬಿಡುವ ಮೊದಲೇ ಮಗುವಿಗೆ ಕೈ ಚಾಚುತ್ತಿದ್ದಳು.

"ನೋಡು ಮಹಾತಾಯೀನ," ಎನ್ನುತ್ತಿದ್ದರು ಅತ್ತೆ, ಕೂಸಿನ ಕಡೆ ತಿರುಗಿ, ಸೊಸೆಗೆ ಕೇಳಿಸುವಂತೆ. "ಮಾತು ಬಾರದ ಪ್ರಾಣಿ. ಒಂದು ಹೆಜ್ಜೆ ಆಚೆ ಇಡಲ್ಲ. ಕೆಲವರು ಇದಾರೆ, ಬರ್ತಾರೆ, ಐದು ನಿಮಿಷ ಇರ್ತಾರೆ, ಹೋಗ್ತಾರೆ. ಆ ಅಲೆಮಾರಿಗೂ ಅವರಿಗೂ ಏನು ವ್ಯತ್ಯಾಸ?"

ಸೊಸೆಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಹತ್ತು ವರ್ಷ ಗುಂಡಿ ಹಾಕುವುದರಿಂದ ಹಿಡಿದು ಕಲಿತು, ನಲವತ್ತು ಜನರ ಕತ್ತರಿಗೆ ಗೆರೆ ಎಳೆದುಕೊಡುವ ಮಟ್ಟಕ್ಕೆ ಬಂದವಳು ಅವಳು. ಆದರೆ ದಿನಾ ಎರಡು ಹೊತ್ತು ಅದೇ ಮಾತು ಕಿವಿಗೆ ಬಿದ್ದರೆ ಕಲ್ಲೂ ಕರಗುತ್ತದೆ. ಶುಕ್ರವಾರ ರಾಜೀನಾಮೆ ಬರೆದಳು. ಗಂಡ ಓದಿ ತಲೆಯಾಡಿಸಿದ.

ಅದೇ ಶುಕ್ರವಾರ ಪೊರಕೆಯಿಂದಲೂ ಬುದ್ಧಿ ಕಲಿಯದ ಅಲೆಮಾರಿಯನ್ನು ಅತ್ತೆ ಬಟ್ಟೆ ಒಗೆಯುವ ಕೋಣೆಗೆ ತಳ್ಳಿ ಚಿಲಕ ಹಾಕಿದರು. ಅದು ಬಾಗಿಲು ಕೆರೆಯಿತು. ಯಾರೂ ತೆರೆಯಲಿಲ್ಲ.

ಭಾನುವಾರ ಮರಿಗಳ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಚರ್ಮ ಸುಕ್ಕುಗಟ್ಟಿತ್ತು. ಒಂದಂತೂ ಮುಟ್ಟಿದರೂ ಮಿಸುಕಲಿಲ್ಲ. ಅತ್ತೆಗೆ ನಿಜಕ್ಕೂ ಭಯವಾಯಿತು. "ಆ ಅಲೆಮಾರಿ ತುಳಿದೂ ತುಳಿದೂ ಒಳಗೇನೋ ಆಗೋಗಿದೆ," ಎಂದರು. ಮಹಾತಾಯಿ ಎರಡನೆಯ ಕ್ಯಾರೆಟ್ ಮುಗಿಸಿ ಮೂರನೆಯದಕ್ಕೆ ಮೂತಿ ಚಾಚಿತು.

ಸೋಮವಾರ ಬೆಳಗ್ಗೆ ಪಶು ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೇ ಅತ್ತೆ ಅಲ್ಲಿದ್ದರು. ಒಂದು ತೋಳಲ್ಲಿ ಮಹಾತಾಯಿ, ಇನ್ನೊಂದು ಕೈಯಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಅಲೆಮಾರಿ. ಅದನ್ನು ಯಾರ ಕೈಗಾದರೂ ದಾಟಿಸಿ ಪೀಡೆ ಕಳೆದುಕೊಳ್ಳುವುದೆಂದು ತೀರ್ಮಾನವಾಗಿತ್ತು. ಮರಿಗಳ ಪೆಟ್ಟಿಗೆ ಹಿಡಿದು ಸೊಸೆ ಹಿಂದೆ ನಿಂತಿದ್ದಳು. ರಾಜೀನಾಮೆ ಅವಳ ಚೀಲದಲ್ಲಿತ್ತು. ಇಲ್ಲಿಂದ ನೇರ ಕಾರ್ಖಾನೆಗೆ ಹೋಗಿ ಕೊಡುವುದಿತ್ತು.

"ಡಾಕ್ಟ್ರೇ," ಎಂದರು ಅತ್ತೆ, "ಮರಿಗಳನ್ನ ಉಳಿಸಿಕೊಡಿ. ಹಾಗೇ ಇನ್ನೊಂದು ಉಪಕಾರ. ಒಳ್ಳೆ ತಾಯಿ ಅಂದ್ರೆ ಯಾವುದು ಅಂತ ನೀವೇ ಇವಳಿಗೆ ತೋರಿಸಿ. ನಾನು ಹೇಳಿದ್ರೆ ಅತ್ತೆ ಕಾಟ ಅಂತಾಳೆ. ನೀವು ಯಾವುದನ್ನ ತೋರಿಸ್ತೀರೋ, ಇವತ್ತಿಂದ ಇವಳು ಅದರ ಹಾಗೇ ನಡ್ಕೊಳ್ಳಲಿ. ನಾನು ಮರುಮಾತಾಡಲ್ಲ."

"ಮಾತು ತಪ್ಪಬಾರದು," ಎಂದರು ಡಾಕ್ಟರ್.

"ಮೂವತ್ತೊಂದು ವರ್ಷದ ಸರ್ವಿಸ್ ಡಾಕ್ಟ್ರೇ ನಂದು. ಒಂದೇ ಮಾತು."

ಡಾಕ್ಟರ್ ಮಹಾತಾಯಿಯನ್ನು ಅಂಗಾತ ಮಾಡಿ ನೋಡಿದರು. ಮೇಜಿನ ಮೂಲೆಗೆ ಬಿಟ್ಟರು. ಬುಟ್ಟಿಯಿಂದ ಅಲೆಮಾರಿಯನ್ನು ಎತ್ತಿ ಮರಿಗಳ ಪೆಟ್ಟಿಗೆಯೊಳಗೆ ಇಳಿಸಿದರು. ಅತ್ತೆ "ಅಯ್ಯಯ್ಯೋ!" ಎಂದು ಕೈ ಅಡ್ಡ ಹಾಕಿದರು. ಅಷ್ಟರಲ್ಲಿ ಆರೂ ಮರಿಗಳು, ಮಿಸುಕದೆ ಬಿದ್ದಿದ್ದದ್ದೂ ಸೇರಿ, ತಡಕಾಡಿ ಅದರ ಹೊಟ್ಟೆಯಡಿ ನುಗ್ಗಿ, ಚಪ್ಪರಿಸಿ ಚಪ್ಪರಿಸಿ ಹಾಲು ಕುಡಿಯತೊಡಗಿದವು.

"ಮೊಲದ ತಾಯಿ ದಿನಕ್ಕೆ ಎರಡೇ ಸಲ ಬರೋದು, ಐದೇ ನಿಮಿಷ ಹಾಲು ಕೊಟ್ಟು ಹೊರಟುಹೋಗೋದು," ಎಂದರು ಡಾಕ್ಟರ್, ಕೈ ತೊಳೆದುಕೊಳ್ಳುತ್ತಾ. "ನೀವು ಕ್ಯಾರೆಟ್ ತಿನ್ನಿಸಿ ಬಾಣಂತನ ಮಾಡಿರೋದು ಗಂಡಿಗೆ."