ಭಾನುವಾರದ ಅಪ್ಪ ಕೇಳಿದ ಪ್ರಶ್ನೆಗಳು

ತುಮಕೂರಿನಲ್ಲಿ ಚಂದ್ರಮೌಳಿಗೆ ಒಂದು ಹಾರ್ಡ್‌ವೇರ್ ಅಂಗಡಿ. ಹೆಂಡತಿ ವೇದವತಿ ಬೇರೆ ಮನೆ ಮಾಡಿ ಎರಡು ವರ್ಷವಾಗಿತ್ತು.

ಇಬ್ಬರ ನಡುವೆ ಉಳಿದದ್ದು ಒಂದೇ ಜಗಳ... ಏಳು ವರ್ಷದ ಮಗಳು ಇಂಚರ ಯಾರ ಹತ್ತಿರ ಇರಬೇಕು?

ಕೇಸು ಮುಗಿಯುವವರೆಗೆ ಮಗು ಅಮ್ಮನ ಮನೆಯಲ್ಲಿ, ಭಾನುವಾರ ಮಾತ್ರ ಅಪ್ಪನ ಜೊತೆ ಎಂದಿತ್ತು ಕೋರ್ಟು.

ಸಿಕ್ಕ ಆ ಒಂದು ದಿನವನ್ನು ಈ ಮಹಾಶಯ ಹೇಗೆ ಕಳೆಯುತ್ತಿದ್ದ ಗೊತ್ತೇ...

ಐಸ್‌ಕ್ರೀಮ್ ಕೊಡಿಸುವುದು, ಜೇಬಿನಲ್ಲಿ ಮೊಬೈಲ್ ರೆಕಾರ್ಡಿಂಗ್ ಆನ್ ಮಾಡುವುದು, ಅಮ್ಮನ ವಿಷಯದಲ್ಲಿ ಮಗಳ ಬಾಯಿ ಬಿಡಿಸುವುದು. ಹನ್ನೊಂದು ಭಾನುವಾರ ಹೀಗೇ ಹೋದವು.

ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಕೇಸು ಗೆದ್ದವನ ಹಾಗೆ ಮೀಸೆ ತಿರುವುತ್ತ ಲಾಯರ್ ಆಫೀಸಿಗೆ ಹೋದ.

ಬರೀ ಆಡಿಯೋ ಕೊಟ್ಟರೆ ಸಾಲದು, ಮಾತುಗಳನ್ನು ಟೈಪ್ ಮಾಡಿಯೂ ಕೊಡಬೇಕು ಎಂದರು ಲಾಯರ್. ಆ ಕೆಲಸ ಅಲ್ಲಿನ ಟೈಪಿಸ್ಟ್ ಜಲಜಾಕ್ಷಮ್ಮನದು.

"ನಂಗೆ ಬೇಕಾಗಿರೋದಷ್ಟೇ ಟೈಪ್ ಮಾಡಿ ಅಮ್ಮ" ಎಂದ ಚಂದ್ರಮೌಳಿ.

"ಬಿಟ್ಟು ಟೈಪ್ ಮಾಡೋ ಹಂಗಿಲ್ಲ ಸಾರ್. ಕೇಳಿಸಿದ್ದೆಲ್ಲ ಬರ್ಬೇಕು" ಎಂದರು ಆಕೆ.

ಎರಡು ದಿನ ಬಿಟ್ಟು ಹೋದಾಗ ಹಾಳೆಗಳನ್ನು ಮುಂದೆ ಇಟ್ಟರು. "ಓದಿ ಸೈನ್ ಹಾಕಿ ಸಾರ್." ಅವನ ಮುಖ ನೋಡಲಿಲ್ಲ.

ಓದತೊಡಗಿದ...

ಮಗಳು: ಅಪ್ಪಾ, ನನ್ನ ಹಲ್ಲು ಬಿತ್ತು. ನೋಡಿಲ್ಲಿ.

ತಂದೆ: ಆಮೇಲೆ ನೋಡ್ತೀನಿ. ನಿನ್ನೆ ಅಮ್ಮ ಎಷ್ಟು ಹೊತ್ತಿಗೆ ಮನೆಗೆ ಬಂದ್ಲು?

ಮಗಳು: ಸ್ಕೂಲ್ ಡೇ ಡ್ಯಾನ್ಸಲ್ಲಿ ನಾನು ನವಿಲು.

ತಂದೆ: ಅದಿರ್ಲಿ. ಅಮ್ಮ ಬೈದ್ಲಾ?

ಆಮೇಲಾದರೂ ಆ ಹಲ್ಲು ಬಿದ್ದ ಜಾಗ ನೋಡಿದ್ದೆನಾ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಕೊನೆಯ ಹಾಳೆ...

ಮಗಳು: ಅಪ್ಪಾ, ಅಮ್ಮ ಹೊಡೆದ್ಲು ಅಂತ ಹೇಳಿದ್ರೆ ಪಾರ್ಕಿಗೆ ಕರ್ಕೊಂಡ್ ಹೋಗ್ತೀಯಾ?

ತಂದೆ: ಹೂಂ. ಹೇಳು.

ಅದನ್ನು ಟೈಪ್ ಮಾಡಿದಾಕೆ ಎದುರಿಗೇ ಕೂತಿದ್ದರು. ಚಂದ್ರಮೌಳಿ ನಾಚಿಕೆಯಿಂದ ಭೂಮಿಗೆ ಇಳಿದುಹೋದ.

ಸೈನ್ ಹಾಕಲಿಲ್ಲ. ಹಾಳೆಗಳನ್ನು ಹಿಡಿದು ನೇರವಾಗಿ ವೇದವತಿಯ ಮನೆಗೆ ಹೋದ. ಮಗಳು ಇನ್ನೂ ಶಾಲೆಯಿಂದ ಬಂದಿರಲಿಲ್ಲ.

"ಇದನ್ನ ಓದು. ಬೇಕಿದ್ರೆ ನಿನ್ನ ಲಾಯರ್‌ಗೆ ಕೊಡು. ನಾನು ಕೇಸು ಸೋತ್ರೂ ಪರವಾಗಿಲ್ಲ."

ಅವಳು ಓದಿದಳು. ಈಗ ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿ ನಿಂತ.

ವೇದವತಿ ಬೈಯಲಿಲ್ಲ. ಒಳಗೆ ಹೋಗಿ ಒಂದು ನೋಟ್‌ಬುಕ್ ತಂದಳು. ಪ್ರತಿ ಭಾನುವಾರ ಸಂಜೆ ಮಗಳನ್ನು ಕೂರಿಸಿಕೊಂಡು, ಅಪ್ಪ ಏನು ಮಾಡಿದ, ಏನು ಅಂದ ಎಂದು ಕೇಳಿ ಕೇಳಿ ಬರೆದಿಟ್ಟದ್ದು...

"ನಾನೂ ಏನ್ ಕಮ್ಮಿ ಇಲ್ಲ ಕಣ್ರೀ" ಎಂದಳು. ನೋಟ್‌ಬುಕ್ಕನ್ನು ಅವನ ಕೈಗಿಟ್ಟಳು.

ಮತ್ತೆ ಒಟ್ಟಿಗೆ ಬಾಳುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದು ಮುಗಿದ ಕಥೆ. ಆದರೆ ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಯಲ್ಲಿ ಮಗುವಿನ ಹತ್ತಿರ ಕೇಳಬಾರದು ಎಂದು ಒಪ್ಪಿಕೊಂಡರು. ಉಳಿದದ್ದನ್ನು ಮಧ್ಯಸ್ಥರ ಮುಂದೆ ಕೂತು ಮಾತಾಡಿ ಮುಗಿಸುವುದು ಎಂದಾಯಿತು.

ಮುಂದಿನ ಭಾನುವಾರ ಸ್ಕೂಟರ್ ಹತ್ತಿದವಳೇ ಇಂಚರ ಶುರು ಮಾಡಿದಳು. "ಅಪ್ಪಾ, ನಿನ್ನೆ ಅಮ್ಮ ಏನ್ ಮಾಡಿದ್ಲು ಗೊತ್ತಾ..."

"ಅದು ಬೇಡ ಪುಟ್ಟಾ. ಇನ್ಮೇಲೆ ಅಮ್ಮನ ವಿಷ್ಯ ಕೇಳಲ್ಲ. ಬೇರೆ ಏನಾದ್ರೂ ಹೇಳು."

ಸ್ಕೂಟರ್ ಎರಡು ಸಿಗ್ನಲ್ ದಾಟಿತು...

ಆಮೇಲೆ ಹಿಂದಿನಿಂದ ಸಣ್ಣ ದನಿ ಕೇಳಿತು. "ಬೇರೆ ಏನ್ ಹೇಳಿದ್ರೆ ನಿಂಗೆ ಖುಷಿ ಆಗುತ್ತಪ್ಪಾ?"

ಚಂದ್ರಮೌಳಿ ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿದ. ಮಗಳನ್ನು ಇಳಿಸಿ, ಅವಳ ಮುಂದೆ ಮಂಡಿಯೂರಿ, ಜನ ನೋಡುತ್ತಿದ್ದರೂ ಲೆಕ್ಕಿಸದೆ ರಸ್ತೆ ಬದಿಯಲ್ಲೇ ಅತ್ತುಬಿಟ್ಟ.

*

ಗಂಡ ಹೆಂಡತಿ ಬೇರೆಯಾಗಬಹುದು... ಆದರೆ ಹೆತ್ತ ಮಗುವನ್ನು ಒಬ್ಬರ ವಿರುದ್ಧ ಇನ್ನೊಬ್ಬರು ಸಾಕ್ಷಿ ಮಾಡಿಕೊಳ್ಳಬಾರದು.

ನಿಮ್ಮ ಮಗು ಇವತ್ತು ನಿಮಗೆ ಏನೋ ಹೇಳಲು ಬಂದಿತ್ತು... ನೀವು ಕೇಳಿಸಿಕೊಂಡಿರಾ?