ಅಮ್ಮನ ಜೋಲಿ

ಮಂಚದಲ್ಲಿ ಬೆನ್ನು ಹಿಡಿಯುತ್ತದೆಂದು ವಾರದಿಂದ ಗೊಣಗುತ್ತಿದ್ದ ಗಂಡ ಎಲಿಯೆಸೆರ್, ಗುವಾಹಿರಾ ಮರಳುಗಾಡಿನ ಆ ಉರಿ ಮಧ್ಯಾಹ್ನ ಜೋಲಿ ಕಟ್ಟಿಕೊಂಡು ಮಲಗಿದ್ದನ್ನು ಕಂಡು ಮಿಲೈದಾ ಓಡಿಬಂದಳು. ತನ್ನ ಹೆಣ ಸುತ್ತಲೆಂದು ಅಮ್ಮ ವರ್ಷವಿಡೀ ಕೂತು ನೇಯ್ದು, ಪೆಟ್ಟಿಗೆಯಲ್ಲಿಟ್ಟಿದ್ದ ಜೋಲಿ ಅದು.

"ಎದ್ದೇಳ್ರೀ! ಅದು ಅಮ್ಮನ ಸಾವಿಗೆ ಅಂತ ಇಟ್ಟಿದ್ದು!"

"ಮೊಳದುದ್ದದ ಅತ್ತೆಗೆ ಇಷ್ಟು ದೊಡ್ಡದು ಯಾಕೆ ಬೇಕಿತ್ತೇ? ನಂಗೇ ಹೇಳಿ ಮಾಡಿಸ್ದಂಗಿದೆ," ಎಂದು ಅವನು ಕಣ್ಣು ಮುಚ್ಚಿಕೊಂಡೇ ನಕ್ಕ.

ನಿಜ. ಆ ಆರಡಿ ಆಳಿಗೆ ಜೋಲಿ ತಲೆಯಿಂದ ಹಿಮ್ಮಡಿಯವರೆಗೆ ಒಂದು ಬೆರಳೂ ಹೆಚ್ಚುಕಮ್ಮಿಯಿಲ್ಲದೆ ಒಪ್ಪಿತ್ತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಅದನ್ನೇ ನೋಡುತ್ತಿದ್ದಳು.

"ಅಳತೆ ನಂದಲ್ಲ ಕಣೇ," ಎಂದಳು ಮೆಲ್ಲಗೆ. "ಸತ್ತ ನಮ್ಮವ್ವ ಕನಸಲ್ಲಿ ಬಂದು, ಇಷ್ಟುದ್ದ ನೇಯಿ ಅಂದ್ಲು. ನನಗೇ ಅಂದ್ಕೊಂಡಿದ್ದೆ."