ನಿಂತಲ್ಲೇ ಉರಿದ ಪೆಟ್ರೋಲ್

ಕಾರಿನಿಂದ ಬಿಚ್ಚಿದ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್ಗನ್ನು ಮೆಕ್ಯಾನಿಕ್ ಬೆಳಕಿಗೆ ಹಿಡಿದ. "ಕಾರು ಹಳೇದಾದ್ರೂ ಇಂಜಿನ್ ಗಟ್ಟಿಮುಟ್ಟಾಗಿದೆ ಸಾರ್. ದಿನಾ ಯಾರೋ ಸ್ಟಾರ್ಟ್ ಮಾಡಿ, ಓಡಿಸದೆ ಸುಮ್ನೆ ಕೂತಿರ್ತಾರೆ. ಮೈಲೇಜ್ ಹಾಳಾಗಿರೋದು ಅದಕ್ಕೇ."

"ನಮ್ಮನೇಲಿ ಯಾರಿಗಪ್ಪಾ ಆ ಹುಚ್ಚು?" ಎಂದು ನಕ್ಕ ಗಂಡ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದ. ಕಾರಿನ ಕೀ ಅವಳ ಮುಷ್ಟಿಯಲ್ಲಿ ಬಿಗಿಯಾಯಿತು.

"ಮನೇಲಿ ಅತ್ರೆ ಮಕ್ಕಳಿಗೆ ಕೇಳ್ಸುತ್ತೆ," ಎಂದಳು ಅವಳು, ನೆಲ ನೋಡುತ್ತಾ. "ಕಾರಲ್ಲಿ ಕೂತ್ರೆ ಇಂಜಿನ್ ಸದ್ದಲ್ಲಿ ಮುಚ್ಚಿಹೋಗುತ್ತೆ."

ಮೆಕ್ಯಾನಿಕ್ ತಲೆ ತಗ್ಗಿಸಿ ಪ್ಲಗ್ ಒರೆಸತೊಡಗಿದ. ಗಂಡ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೀಯನ್ನು ತನ್ನ ಜೇಬಿಗೆ ಹಾಕಿಕೊಂಡ.

"ಇನ್ಮೇಲೆ ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡಬಹುದು?" ಎಂದು ಮೆಕ್ಯಾನಿಕ್‌ನನ್ನು ಕೇಳಿದ.